ಕವಣೆಯಂತ್ರವೂ ಬಾಲಕರ ವಿಜ್ಞಾನಶಿಕ್ಷಣವೂ



ಓದಿ ತಿಳಿದದ್ದು ಒಂದು. ಮಾಡಿ ತಿಳಿದದ್ದು ಮತ್ತೊಂದು. ಉದ್ದವಾದ ಸನ್ನೆಯಿಂದ ಭಾರವನ್ನು ಸುಲಭವಾಗಿ ಎತ್ತಬಹುದೆಂಬ ಸೂತ್ರವನ್ನು ಕಂಠಪಾಠ ಮಾಡಿದ ಬಾಲಕನು ಪರೀಕ್ಷೆಯಲ್ಲಿ ಅದನ್ನು ಒಂದಕ್ಷರವೂ ತಪ್ಪದಂತೆ ಬರೆಯುವನು. ಆದರೆ ಅಂಗಳದಲ್ಲಿ ಬಿದ್ದ ಕಲ್ಲನ್ನು ಸರಿಸೆಂದರೆ ಹಾರೆಯನ್ನು ಎಲ್ಲಿ ಊರಬೇಕೆಂಬುದು ಅವನಿಗೆ ತೋಚದು. ನಾಲಗೆಯ ವಿದ್ಯೆಯನ್ನು ಕೈಗೆ ಇಳಿಸುವ ಉಪಾಯಗಳಲ್ಲಿ, ಮಕ್ಕಳಿಂದ ಚಿಕ್ಕ ಚಿಕ್ಕ ಕವಣೆಯಂತ್ರಗಳನ್ನು ಕಟ್ಟಿಸುವದೂ ಒಂದು. ಈ ಪದ್ಧತಿಯು ಈಗ ಅನೇಕ ದೇಶಗಳ ಶಾಲೆಗಳಲ್ಲಿ ರೂಢಿಯಲ್ಲಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರುವದು ಸಹಜ. ಇದು ಆಟವೇ ಹೊರತು ಪಾಠವಲ್ಲವೆಂಬುದು ಮೊದಲನೆಯದು. ಕೋಟೆಗಳನ್ನು ಕೆಡವಿದ ಆಯುಧವನ್ನು ಕೂಸುಗಳ ಕೈಗೆ ಕೊಡಬಾರದೆಂಬುದು ಎರಡನೆಯದು. ಎರಡನ್ನೂ ಶಾಂತಚಿತ್ತದಿಂದ ವಿಚಾರಿಸುವದು ಯುಕ್ತವಾಗಿದೆ.

ಮೊದಲನೆಯ ಆಕ್ಷೇಪಕ್ಕೆ ಈ ಯಂತ್ರದ ಚರಿತ್ರೆಯೇ ಉತ್ತರ ಕೊಡುವದು. ಕ್ರಿ. ಪೂ. 399ರಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದ ಅರಸನಾದ ಡಯೊನಿಸಿಯಸನು ನಾನಾ ಕಡೆಯ ಕುಶಲಕರ್ಮಿಗಳನ್ನು ಕೂಡಿಸಿದಾಗ ಇದು ಹುಟ್ಟಿತೆಂದು ಡಯೊಡೊರಸನೆಂಬ ಇತಿಹಾಸಕಾರನು ಬರೆದಿರುವನು. ಮುಂದೆ ಗ್ರೀಕರು ಕೂದಲು ಮತ್ತು ಸ್ನಾಯುಗಳ ಹುರಿಗಳನ್ನು ಮರದ ಚೌಕಟ್ಟಿನ ರಂಧ್ರಗಳಲ್ಲಿ ಹೊಸೆದು ಬಿಗಿದು, ಆ ಹುರಿಯ ಬಲದಿಂದ ಕಲ್ಲುಗಳನ್ನೆಸೆದರು. ರಂಧ್ರವು ಎಷ್ಟು ಅಗಲವಿದ್ದರೆ ಎಷ್ಟು ತೂಕದ ಕಲ್ಲು ಹಾರುವದೆಂಬುದೇ ಅವರಿಗೆ ದೊಡ್ಡ ಒಗಟಾಗಿತ್ತು. ಬರಿಯ ತರ್ಕದಿಂದ ಅದು ಬಿಡಲಿಲ್ಲವೆಂದೂ, ರಂಧ್ರವನ್ನು ಹಿಗ್ಗಿಸಿ ಕುಗ್ಗಿಸಿ ಮತ್ತೆ ಮತ್ತೆ ಪ್ರಯೋಗಿಸಿ ನೋಡಿದ ಮೇಲೆಯೇ ಬಿಟ್ಟಿತೆಂದೂ, ಕ್ರಿ. ಪೂ. 3ನೆಯ ಶತಮಾನದ ಬೈಜಾಂಟಿಯಮ್ಮಿನ ಫಿಲೋ ಎಂಬ ಯಂತ್ರಜ್ಞನು ಸ್ಪಷ್ಟವಾಗಿ ಹೇಳಿರುವನು.

ಅವನು ಕೊಟ್ಟ ಸೂತ್ರವನ್ನು ಮನಗಾಣಬೇಕು. ಕಲ್ಲಿನ ತೂಕವನ್ನು ಮಿನಾ ಎಂಬ ಮಾನದಲ್ಲಿ ಹಿಡಿದು, 100ರಿಂದ ಗುಣಿಸಿ, ಘನಮೂಲವನ್ನು ತೆಗೆದು, ಅದಕ್ಕೆ ಅದರದೇ ಹತ್ತನೆಯ ಒಂದು ಪಾಲನ್ನು ಕೂಡಿಸಬೇಕು. ಆಗ ರಂಧ್ರದ ವ್ಯಾಸವು ಬೆರಳಗಲಗಳಲ್ಲಿ ದೊರೆಯುವದು. 10 ಮಿನಾ ತೂಕದ ಕಲ್ಲಿಗೆ 1000ದ ಘನಮೂಲ 10. ಕೂಡಿಸಲು 11 ಬೆರಳು. 80 ಮಿನಾ ತೂಕದ ಕಲ್ಲಿಗೆ 8000ದ ಘನಮೂಲ 20; ಕೂಡಿಸಲು 22 ಬೆರಳು. ಕಲ್ಲಿನ ತೂಕವು ಎಂಟು ಮಡಿಯಾದರೂ ರಂಧ್ರದ ಅಗಲವು ಎರಡೇ ಮಡಿಯಾಯಿತು. ಘನಮೂಲವನ್ನು ತೆಗೆಯುವ ವಿಧಾನವನ್ನು ಆರ್ಯಭಟನು ಕ್ರಿ. ಶ. 499ರಲ್ಲಿಯೇ ತನ್ನ ಗ್ರಂಥದಲ್ಲಿ ಹೇಳಿರುವನಾದ್ದರಿಂದ ಪಾಠಶಾಲೆಯ ಗಣಿತಕ್ಕೆ ಇದು ಹೊಸತಲ್ಲ. ಆದರೆ ಘನಮೂಲವು ಏತಕ್ಕೆ ಬೇಕೆಂದು ಕೇಳಿದ ಬಾಲಕನಿಗೆ ಇದಕ್ಕಿಂತ ನೆನಪಿನಲ್ಲುಳಿಯುವ ಉತ್ತರವು ಅಪರೂಪ.

ಇನ್ನು ಮಕ್ಕಳು ಕಟ್ಟುವ ಯಂತ್ರದ ವಿಷಯ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳು ಒಂಬತ್ತು, ರಬ್ಬರು ಉಂಗುರಗಳು ಕೆಲವು, ಬಾಟಲಿಯ ಮುಚ್ಚಳ ಒಂದು ಇದ್ದರೆ ಸಾಕು. ಏಳು ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಎರಡೂ ತುದಿಗಳಲ್ಲಿ ಕಂತೆ ಕಟ್ಟಬೇಕು. ಉಳಿದೆರಡನ್ನು ಒಂದು ತುದಿಯಲ್ಲಿ ಮಾತ್ರ ಕಟ್ಟಿ, ಅವುಗಳ ನಡುವೆ ಕಂತೆಯನ್ನು ಅಡ್ಡಲಾಗಿ ಸೇರಿಸಿ ಬಿಗಿಯಬೇಕು. ಮೇಲಿನ ಕಡ್ಡಿಯ ತುದಿಗೆ ಮುಚ್ಚಳವನ್ನು ಅಂಟಿಸಿ, ಅದರಲ್ಲಿ ಕಾಗದದ ಉಂಡೆಯನ್ನಿಟ್ಟು, ತುದಿಯನ್ನು ಕೆಳಗೊತ್ತಿ ಬಿಟ್ಟರೆ ಉಂಡೆಯು ಹಾರುವದು. ಬೆರಳು ಒತ್ತಿದ ಶ್ರಮವು ಕಡ್ಡಿಯ ಬಾಗಿನಲ್ಲಿ ಅಡಗಿ ನಿಂತು, ಬಿಟ್ಟ ಕ್ಷಣದಲ್ಲಿ ಉಂಡೆಯ ವೇಗವಾಗಿ ಹೊರಬೀಳುವದು.

ಇಲ್ಲಿಯ ತನಕ ಇದು ಆಟವೇ ಸರಿ. ಅಳತೆಯ ಪಟ್ಟಿ ನೆಲಕ್ಕಿಳಿದೊಡನೆ ಪಾಠವು ಮೊದಲಾಗುವದು. ಕಂತೆಯಲ್ಲಿ ಮೂರು ಕಡ್ಡಿಗಳಿದ್ದಾಗ ಎಷ್ಟು ದೂರ, ಐದಿದ್ದಾಗ ಎಷ್ಟು, ಏಳಿದ್ದಾಗ ಎಷ್ಟು ಎಂದು ಪ್ರತಿಯೊಂದನ್ನೂ ಮೂರು ಸಲ ಎಸೆದು, ಸರಾಸರಿ ತೆಗೆದು ಬರೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿಯ ಮುಖ್ಯ ನಿಯಮ. ಕಡ್ಡಿಗಳನ್ನೂ ಉಂಡೆಯನ್ನೂ ಒಟ್ಟಿಗೆ ಬದಲಿಸಿದವನಿಗೆ ಫಲವು ಕಾಣುವದು, ಕಾರಣವು ಕಾಣದು. ಯಂತ್ರವು ಯಾರ ಮುಖವನ್ನೂ ನೋಡಿ ಹೇಳುವದಿಲ್ಲ. ಗುರುಗಳ ಊಹೆ ತಪ್ಪಿದ್ದರೆ ಅದನ್ನೂ ಮಕ್ಕಳೆದುರಿಗೇ ತೋರಿಸುವದು. ಪಾಠವೊಪ್ಪಿಸುವಲ್ಲಿ ಹಿಂದೆ ಬಿದ್ದ ಹುಡುಗನ ಕೈಯಲ್ಲಿ ಉಂಡೆಯು ಎಲ್ಲರಿಗಿಂತ ದೂರ ಹಾರಿದರೆ, ಅವನಿಗೆ ಬುದ್ಧಿಯಿಲ್ಲವೆಂದವರು ತಮ್ಮ ಮಾತನ್ನು ಹಿಂದೆಗೆದುಕೊಳ್ಳಬೇಕಾಗುವದು.

ಎರಡನೆಯ ಬಗೆಯ ಯಂತ್ರವು ಕನ್ನಡನಾಡಿನ ರೈತರಿಗೆ ನೋಡಿದೊಡನೆ ಅರ್ಥವಾಗುವಂಥದು. ಬಾವಿಯ ದಡದ ಏತವು ಎಲ್ಲರಿಗೂ ಪರಿಚಿತ: ಕಂಬದ ಮೇಲೆ ತೂಗುವ ದೀರ್ಘವಾದ ಮರ, ಒಂದು ತುದಿಗೆ ಕೊಡ, ಮತ್ತೊಂದಕ್ಕೆ ಕಲ್ಲಿನ ಭಾರ. ಜೋಳದ ಹೊಲದಲ್ಲಿ ಅಟ್ಟಣೆಯೇರಿ ಹಕ್ಕಿಗಳನ್ನು ಬೆದರಿಸಲು ಬೀಸುವ ಹಗ್ಗದ ಕವಣೆಯೂ ಪರಿಚಿತವೇ. ಏತದ ತುದಿಯಲ್ಲಿ ಕೊಡದ ಬದಲು ಕವಣೆಯನ್ನು ಕಟ್ಟಿದರೆ, ಮಧ್ಯಯುಗದ ಯುರೋಪಿನಲ್ಲಿಯೂ ಅರಬ್ಬರ ದೇಶಗಳಲ್ಲಿಯೂ ಪ್ರಸಿದ್ಧವಾದ ಟ್ರೆಬುಶೆಟ್ ಎಂಬ ಮಹಾಯಂತ್ರದ ತತ್ತ್ವವು ಸಿದ್ಧವಾಗುವದು. ಅದಕ್ಕೂ ಮೊದಲಿನ ಯಂತ್ರಗಳಲ್ಲಿ ಭಾರದ ಸ್ಥಾನದಲ್ಲಿ ಜನರೇ ಹಗ್ಗ ಹಿಡಿದೆಳೆಯುತ್ತಿದ್ದರು. 8ನೆಯ ಶತಮಾನದ ಆದಿಯಲ್ಲಿ ಸಿಂಧದ ದೇಬಲ್ ಪಟ್ಟಣದ ಮುತ್ತಿಗೆಯಲ್ಲಿದ್ದ ಇಂಥದೊಂದು ಯಂತ್ರಕ್ಕೆ 500 ಮಂದಿ ಬೇಕಾಗುತ್ತಿದ್ದರೆಂದು ಅರಬ್ಬೀ ಇತಿಹಾಸವು ಹೇಳುವದು. ಅಷ್ಟು ಜನರ ಕೆಲಸವನ್ನು ಬೀಳುವ ಭಾರವೊಂದು ವಹಿಸಿಕೊಂಡದ್ದೇ ಮುಂದಿನ ಸುಧಾರಣೆ.

ಇದರ ಗಣಿತವೂ ಬಾಲಬೋಧೆಯಾಗಿದೆ. ಒಂದು ಕಿಲೋಗ್ರಾಂ ಭಾರವು 20 ಸೆಂಟಿಮೀಟರು ಬಿದ್ದು, ಅದರ ಶಕ್ತಿಯೆಲ್ಲ 20 ಗ್ರಾಂ ಉಂಡೆಗೆ ಸಂದು, ಉಂಡೆಯು 45 ಅಂಶದ ಓರೆಯಲ್ಲಿ ಹೊರಟರೆ, ಗಾಳಿಯ ತಡೆಯನ್ನು ಬಿಟ್ಟು ಅದು ಸುಮಾರು 20 ಮೀಟರು ದೂರ ಹೋಗಬೇಕು. ಈ 45 ಅಂಶದ ವಿಷಯವನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಸಿದ್ಧಪಡಿಸಿರುವನು. ಆದರೆ ಮಕ್ಕಳ ಉಂಡೆಯು ಅಷ್ಟು ದೂರ ಹೋಗುವದಿಲ್ಲ. ಉಳಿದ ಶಕ್ತಿಯು ಎಲ್ಲಿ ಹೋಯಿತು? ಅಚ್ಚಿನ ತಿಕ್ಕಾಟದಲ್ಲಿ ಎಷ್ಟು, ಮರವನ್ನು ತಿರುಗಿಸುವದರಲ್ಲಿ ಎಷ್ಟು, ಎಸೆದ ಮೇಲೂ ತೂಗಾಡುವ ಭಾರದಲ್ಲಿ ಎಷ್ಟು? ಯಂತ್ರವನ್ನು ಗಾಲಿಗಳ ಮೇಲಿಟ್ಟರೆ ಭಾರವು ಹೆಚ್ಚು ನೇರವಾಗಿ ಬಿದ್ದು ಉಂಡೆಯು ಇನ್ನೂ ದೂರ ಹೋಗುವದು. ಕವಣೆಯ ಕುಣಿಕೆಯನ್ನು ಬಿಡುವ ಮೊಳೆಯನ್ನು ಸ್ವಲ್ಪ ಬಗ್ಗಿಸಿದರೆ ಉಂಡೆಯು ತಡವಾಗಿ ಬಿಟ್ಟು ತಗ್ಗಿನಲ್ಲಿ ಹೊರಡುವದು. ನೆಟ್ಟಗೆ ಮಾಡಿದರೆ ಬೇಗನೆ ಬಿಟ್ಟು ಮೇಲಕ್ಕೇರುವದು. ಲೆಕ್ಕಕ್ಕೂ ಅಳತೆಗೂ ನಡುವಿನ ಅಂತರವನ್ನು ಹೀಗೆ ಹುಡುಕುತ್ತ ಹೋಗುವ ಬಾಲಕನು ಯಂತ್ರಶಿಲ್ಪಿಯ ದಾರಿಯಲ್ಲಿಯೇ ನಡೆಯುತ್ತಿರುವನು.

ಇನ್ನು ಎರಡನೆಯ ಆಕ್ಷೇಪ. ಅದು ತೂಕವುಳ್ಳದ್ದು, ಅದನ್ನು ನಕ್ಕು ತಳ್ಳಿಹಾಕಲಾಗದು. 1304ರಲ್ಲಿ ಇಂಗ್ಲೆಂಡಿನ ಅರಸ 1ನೆಯ ಎಡ್ವರ್ಡನು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕಿ, ವಾರ್‌ವುಲ್ಫ್ ಎಂಬ ಭಾರಿ ಟ್ರೆಬುಶೆಟ್ಟನ್ನು ಕಟ್ಟಿಸಿದನು. ಕೋಟೆಯವರು ಶರಣಾಗಲು ಸಿದ್ಧರಾದರು. ಆದರೆ ಅರಸನು ತನ್ನ ಹೊಸ ಯಂತ್ರದ ಪ್ರಭಾವವನ್ನು ನೋಡುವ ತನಕ ಆ ಶರಣಾಗತಿಯನ್ನು ಒಪ್ಪಲಿಲ್ಲ. ದಯೆಯಿಲ್ಲದ ಕುತೂಹಲವು ಎಲ್ಲಿಗೆ ಮುಟ್ಟುವದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದರ ಎದುರಿಗೆ ಇನ್ನೊಂದು ಅತಿರೇಕವೂ ಉಂಟು. ಕ್ರಿ. ಪೂ. 212ರಲ್ಲಿ ರೋಮನರ ಕೈಸೇರಿದ ಸಿರಾಕ್ಯೂಸನ್ನು ಅದಕ್ಕೆ ಮುಂಚೆ ಬಹುಕಾಲ ಕಾಪಾಡಿದವು ಆರ್ಕಿಮಿಡೀಸನ ಯಂತ್ರಗಳು. ಆದರೆ ಯಂತ್ರವಿದ್ಯೆಯನ್ನು ಅವನು ಕೀಳೆಂದು ಬಗೆದು ಅದರ ಬಗ್ಗೆ ಗ್ರಂಥವನ್ನೇ ಬರೆದಿಡಲಿಲ್ಲವೆಂದು ಪ್ಲುಟಾರ್ಕನು ಹೇಳಿರುವನು. ಆ ಮಾತು ನಿಜವಾದರೆ, ಕೈಗೆಲಸವನ್ನು ಕೀಳೆಂದ ಪಂಡಿತನಿಂದ ಲೋಕಕ್ಕೆ ನಷ್ಟವಾಯಿತು. ಕೈಗೆಲಸದಲ್ಲಿ ಕರುಣೆಯನ್ನು ಮರೆತ ಅರಸನಿಂದ ಲೋಕಕ್ಕೆ ಕಷ್ಟವಾಯಿತು. ಬಾಲಕರನ್ನು ಈ ಎರಡರ ನಡುವಿನ ಹಾದಿಯಲ್ಲಿ ನಡೆಸುವದು ಗುರುವಿನ ಹೊಣೆ.

ಅದಕ್ಕೆ ಬೇಕಾದ ಕಟ್ಟಳೆಗಳು ಕೆಲವೇ. ಉಂಡೆಯು ಕಾಗದದ್ದೋ ಹತ್ತಿಯದ್ದೋ ಇರಬೇಕು, ಕಲ್ಲು ಕೂಡದು. ಗುರಿಯು ಬರಿದಾದ ಬುಟ್ಟಿಯಾಗಿರಬೇಕು. ಹಕ್ಕಿ, ನಾಯಿ, ಸಂಗಡಿಗನ ಮುಖ ಎಂದಿಗೂ ಕೂಡದು. ಏತದ ಬಗೆಯ ಯಂತ್ರವು ತಪ್ಪಿದರೆ ಹಿಂದಕ್ಕೂ ಎಸೆಯುವದಾದ್ದರಿಂದ ಮಕ್ಕಳು ಮುಂದೆಯಾಗಲಿ ಹಿಂದೆಯಾಗಲಿ ನಿಲ್ಲದೆ ಪಕ್ಕದಲ್ಲಿ ದೂರ ನಿಲ್ಲಬೇಕು, ಕಣ್ಣಿಗೆ ಕನ್ನಡಕವಿರಬೇಕು. ಬಿಡುವ ಮುನ್ನ ಒಬ್ಬನು ಗಟ್ಟಿಯಾಗಿ ಎಣಿಸಬೇಕು. ಈ ಕಟ್ಟಳೆಗಳನ್ನು ಪಾಲಿಸುವದೂ ಪಾಠದ ಒಂದು ಭಾಗವೇ. ಬಲವನ್ನು ಕೂಡಿಸಲು ಕಲಿತವನು ಅದನ್ನು ತಡೆಹಿಡಿಯಲೂ ಕಲಿಯಬೇಕು.

ಸದ್ಭಕ್ತರೇ, ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ, ಧನರಾಶಿ ಬೇಡ. ಒಂದು ಹಿಡಿ ಕಡ್ಡಿ, ಒಂದು ಅಳತೆಪಟ್ಟಿ, ತಪ್ಪಿದ ಎಸೆತಕ್ಕೆ ಸಿಟ್ಟಾಗದ ಒಬ್ಬ ಗುರು, ಇಷ್ಟು ಸಾಕು. ಊರೂರಿನ ಅಂಗಳಗಳಲ್ಲಿ ಮಕ್ಕಳು ಕಟ್ಟಲಿ, ಎಸೆಯಲಿ, ಅಳೆಯಲಿ, ಕೆಡವಿ ಮತ್ತೆ ಕಟ್ಟಲಿ. ಅವರ ಕೈಗೆ ಬುದ್ಧಿಯೂ ಬುದ್ಧಿಗೆ ದಯೆಯೂ ಜೊತೆಯಾಗಲಿ. ಸರ್ವರಿಗೂ ಶುಭವಾಗಲಿ.