ಹೆಸರು ಮಲಯದ್ದು, ಹುಕುಂ ಲಂಡನ್ನಿನದು



ಮಲಯ ಎಂದೊಡನೆ ನಮಗೆ ನೆನಪಾಗುವುದು ಚಂದನದ ಕಂಪನ್ನು ಹೊತ್ತು ತರುವ ಮಾರುತ. ಇಂದು ನಾನು ಹೇಳಹೊರಟಿರುವುದು ಅದೇ ಹೆಸರಿನ ಉಕ್ಕಿನ ಯುದ್ಧನೌಕೆಯೊಂದರ ವೃತ್ತಾಂತ. ಅದಕ್ಕೆ ಆ ಹೆಸರು ಬಂದದ್ದು ಆಗ್ನೇಯ ಏಷ್ಯದ ಮಲಯ ದೇಶದಿಂದ.

ಪೆರಾಕ್, ಸೆಲಂಗೋರ್, ನೆಗ್ರಿ ಸೆಂಬಿಲಾನ್, ಪಹಾಂಗ್ ಎಂಬ ನಾಲ್ಕು ಸಂಸ್ಥಾನಗಳ ಒಕ್ಕೂಟವು 1912ರಲ್ಲಿ ಬ್ರಿಟಿಷ್ ನೌಕಾಬಲಕ್ಕೆ ಮಹಾನೌಕೆಯೊಂದನ್ನು ಕಾಣಿಕೆಯಾಗಿ ಕೊಡಲು ನಿರ್ಧರಿಸಿತು. ಅದರ ವೆಚ್ಚ ಸುಮಾರು 30 ಲಕ್ಷ ಪೌಂಡು. ಕಾಣಿಕೆ ಅರಸರ ಹೆಸರಿನದಾದರೂ ಆಡಳಿತದ ಸೂತ್ರವಿದ್ದುದು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. ಒಕ್ಕೂಟದ ಸಭೆಯಲ್ಲಿ ಪ್ರಜೆಗಳು ಚುನಾಯಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಬೊಕ್ಕಸ ತುಂಬಿದ್ದು ತವರದ ಗಣಿಗಳಿಂದ, ರಬ್ಬರ್ ತೋಟಗಳಿಂದ. ಗಣಿಗಳಲ್ಲಿ ಬಹುಪಾಲು ಚೀನೀಯರು ದುಡಿದರೆ, ತೋಟಗಳಲ್ಲಿ ಮದರಾಸು ಪ್ರಾಂತದಿಂದ ಹೋದ ತಮಿಳು ಕೂಲಿಗಳು ಬೆವರು ಸುರಿಸಿದರು. ಪರಸ್ಥಳದಲ್ಲಿ ದುಡಿದುಣ್ಣುವ ನಮಗೆ ಇದು ತೀರ ದೂರದ ಸಂಗತಿಯೆಂದು ನನಗನಿಸುವುದಿಲ್ಲ.

ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ ಕಟ್ಟಲಾದ ಈ ನೌಕೆ 1915ರ ಮಾರ್ಚ್ 18ರಂದು ನೀರಿಗಿಳಿಯಿತು. 15 ಅಂಗುಲ ಬಾಯಿಯ 8 ಫಿರಂಗಿಗಳಿದ್ದುವು. ಕಲ್ಲಿದ್ದಲಿಗೆ ಬದಲಾಗಿ ಎಣ್ಣೆಯೇ ಇಂಧನವಾಗಿತ್ತು. 1916ರ ಮೇ 31ರಂದು ಜಟ್ಲಂಡ್ ಕದನದಲ್ಲಿ ಜರ್ಮನರ 8 ಗುಂಡುಗಳು ಇದಕ್ಕೆ ತಾಗಿ, 60ಕ್ಕೂ ಹೆಚ್ಚು ನಾವಿಕರು ಮಡಿದರು.

1922ರ ನವೆಂಬರ್ 17ರಂದು, ಪದಚ್ಯುತನಾದ ಕಡೆಯ ಆಟೊಮನ್ ಸುಲ್ತಾನ ಆರನೆಯ ಮಹಮ್ಮದನನ್ನು ಇಸ್ತಾಂಬುಲ್‌ನಿಂದ ಮಾಲ್ಟಾಕ್ಕೆ ಸಾಗಿಸಿದ್ದೂ ಇದೇ ನೌಕೆ. ಭಾರತದ ಖಿಲಾಫತ್ ಚಳವಳಿ ಯಾರ ಪದವಿಗಾಗಿ ಹೋರಾಡಿತ್ತೋ ಆ ಖಲೀಫ, ಮುಸ್ಲಿಂ ಅರಸರು ಕೊಟ್ಟ ಹಡಗಿನಲ್ಲೇ ಗಡೀಪಾರಿಗೆ ಹೊರಟ.

ಎರಡನೆಯ ಮಹಾಯುದ್ಧದಲ್ಲಿ ಇದರ ಸೇವೆ ಅಲ್ಪವೆಂದು ನಾನು ಹೇಳಲಾರೆ. 1941ರ ಮಾರ್ಚಿನಲ್ಲಿ ಎರಡು ಜರ್ಮನ್ ಮಹಾನೌಕೆಗಳು ಇದನ್ನು ಕಂಡು, ವ್ಯಾಪಾರಿ ಹಡಗುಗಳ ತಂಡವೊಂದನ್ನು ಮುಟ್ಟದೆ ಹಿಂದಿರುಗಿದವು. ಅದೇ ತಿಂಗಳು ಜಲಾಂತರ್ಗಾಮಿಯೊಂದರ ಟಾರ್ಪೆಡೊ ಪೆಟ್ಟು ತಿಂದು ಇದು ದುರಸ್ತಿಗೆ ನ್ಯೂಯಾರ್ಕ್ ಸೇರಿತು.

ಆದರೆ 1941ರ ಡಿಸೆಂಬರಿನಲ್ಲಿ ಜಪಾನೀ ಸೇನೆ ಮಲಯ ದೇಶದ ಮೇಲೆರಗಿದಾಗ ಮಲಯ ನೌಕೆ ಜಿಬ್ರಾಲ್ಟರಿನ ಕಡೆ ಇತ್ತು. ರಕ್ಷಣೆಗೆಂದು ಕಳಿಸಿದ್ದ 'ಪ್ರಿನ್ಸ್ ಆಫ್ ವೇಲ್ಸ್', 'ರಿಪಲ್ಸ್' ನೌಕೆಗಳು ಡಿಸೆಂಬರ್ 10ರಂದು ಮುಳುಗಿದವು. 1942ರ ಫೆಬ್ರವರಿ 15ರಂದು ಸಿಂಗಪುರವೂ ಶರಣಾಯಿತು. ಹಣ ತೆತ್ತವರ ಮನೆಗೆ ಬೆಂಕಿ ಬಿದ್ದಾಗ ಅವರ ಹೆಸರಿನ ನೌಕೆ ಅವರಿಗೆ ಒದಗಲಿಲ್ಲ. 1948ರಲ್ಲಿ ಅದನ್ನು ಗುಜರಿಗೆ ಮಾರಿ, ಸ್ಕಾಟ್ಲೆಂಡಿನ ಫಾಸ್ಲೇನಿನಲ್ಲಿ ಒಡೆದುಹಾಕಲಾಯಿತು. ಮಲಯ ಸ್ವತಂತ್ರವಾದದ್ದು 1957ರಲ್ಲಿ.

ಯಾವುದೇ ಸಾರ್ವಜನಿಕ ಕಾರ್ಯಕ್ಕೆ ನಮ್ಮ ಹೆಸರಿಟ್ಟು ಗೌರವಿಸಿದಾಗ, ಅದನ್ನು ನಡೆಸುವ ಹಕ್ಕಿನಲ್ಲಿ ನಮಗೂ ಪಾಲಿದೆಯೇ ಎಂದು ಕೇಳುವುದು ಕೃತಘ್ನತೆಯಲ್ಲ, ಪೌರಧರ್ಮ.