ಮಾನಸಿಕ ತುರ್ತಿನ ಕರೆಗೆ ಮೊದಲು ಯಾರು ಬರಬೇಕು? ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಮನಸ್ಸಿನ ಸ್ಥಿತಿ ಹದಗೆಟ್ಟು, ಆ ವ್ಯಕ್ತಿಯ ಜೀವಕ್ಕೋ ಸುತ್ತಲಿನವರ ಜೀವಕ್ಕೋ ಕೆಲವೇ ಗಂಟೆಗಳಲ್ಲಿ ಅಪಾಯ ಒದಗಬಹುದೆಂದು ನೆರವು ಕೇಳುವ ಕರೆಯೇ ಮಾನಸಿಕ ತುರ್ತಿನ ಕರೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಂಥ ಕಡೆ ಇದರ ಹಿಂದಿನ ಸಂಗತಿ ಹಲವು ಬಗೆಯದು. ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ನಾಲೆಯ ಏರಿಯ ಮೇಲೆ ಕುಳಿತು ಮನೆಗೆ ಬರಲೊಲ್ಲದವರು, ನಿದ್ದೆಗೆಟ್ಟು ಕಾಣದ ಶತ್ರುವಿಗಾಗಿ ಮಚ್ಚು ಹಿಡಿದವರು, ಮಗುವನ್ನೇ ಗುರುತಿಸದಾದ ಹಸಿಬಾಣಂತಿ, ರೈಲಿನಿಂದ ಇಳಿದು ಹೆಸರು ಊರು ಹೇಳಲಾರದೆ ಅಲೆಯುವವರು, ಎಲ್ಲರೂ ಇದರೊಳಗೆ ಬರುತ್ತಾರೆ. ಇವರೆಲ್ಲರ ಬಳಿಗೂ ಒಬ್ಬರೇ ಹೋಗಿ ನಿಂತರೆ ಪ್ರಯೋಜನವಿಲ್ಲ.

ನೆರವಿಗೆ ಇಂದು ಮೂರು ಸಂಖ್ಯೆಗಳಿವೆ. 112ಕ್ಕೆ ಕರೆ ಮಾಡಿದರೆ ಪೊಲೀಸರ ವಾಹನ ಬರುತ್ತದೆ. 2008ರಲ್ಲಿ ಆರಂಭವಾದ ಆರೋಗ್ಯ ಕವಚದ 108ಕ್ಕೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. 14416 ಎಂಬುದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್. ಅಲ್ಲಿ ಹಗಲು ರಾತ್ರಿ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತನಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ಕರೆಯನ್ನು ದಾಟಿಸುತ್ತಾರೆ. ಆದರೆ ಗಾಬರಿಗೊಂಡ ಮನೆಯವರು ಯಾವುದಕ್ಕೆ ಕರೆ ಮಾಡಿದರೋ ಆ ಇಲಾಖೆಯೇ ಬರುವುದಾದರೆ, ನಿರ್ಧಾರವನ್ನು ಆಕಸ್ಮಿಕಕ್ಕೆ ಬಿಟ್ಟಂತೆಯೇ ಸರಿ.

ಕಾನೂನು ಒಂದು ಶತಮಾನಕ್ಕೂ ಹೆಚ್ಚು ಕಾಲದಲ್ಲಿ ತನ್ನ ದಾರಿಯನ್ನು ಬದಲಿಸಿಕೊಂಡಿದೆ. 1912ರ ಕಾಯ್ದೆಯಲ್ಲಿ ಅಲೆಯುತ್ತಿರುವ ‘ಹುಚ್ಚ’ರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸರ ಕೆಲಸ. 1987ರ ಕಾಯ್ದೆಯೂ ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಬಳಿಗೆ ಒಯ್ಯಬೇಕೆಂದೇ ಹೇಳಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ದಾರಿಯನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿತು. ಅದರ 100ನೇ ಸೆಕ್ಷನ್ ಪ್ರಕಾರ, ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುವವರನ್ನೂ ತಮಗೋ ಪರರಿಗೋ ಅಪಾಯ ತರಬಹುದಾದವರನ್ನೂ ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ದೇಹದ ಕಾಯಿಲೆಯವರಿಗೆ ಸಿಗುವಂಥದೇ ಆಂಬುಲೆನ್ಸ್ ಸೇವೆ ಮನಸ್ಸಿನ ಕಾಯಿಲೆಯವರಿಗೂ ಸಿಗಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ. ‘ಇದು ಮೆಂಟಲ್ ಕೇಸು, ಪೊಲೀಸರಿಗೆ ಹೇಳಿ’ ಎಂದು ಯಾವ ಆಂಬುಲೆನ್ಸ್ ಸೇವೆಯೂ ಕೈತೊಳೆದುಕೊಳ್ಳುವಂತಿಲ್ಲ.

ಹಾಗಿದ್ದೂ ಪೊಲೀಸರನ್ನೇ ಕರೆಯುವ ರೂಢಿಗೆ ಕಾರಣವಿದೆ. ನಡುರಾತ್ರಿ ಎಚ್ಚರವಿದ್ದು, ವಾಹನವೂ ಇದ್ದು, ಕರೆದರೆ ಬರುವವರು ಅವರು. ಎಷ್ಟೋ ಪೇದೆಗಳು ಇಂಥ ಹೊತ್ತಿನಲ್ಲಿ ತೋರುವ ತಾಳ್ಮೆ ದೊಡ್ಡದು. ಆದರೆ ಅವರಿಗೆ ಇದರ ತರಬೇತಿ ಬಹಳ ಕಡಿಮೆ. ತನ್ನನ್ನು ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ನಂಬಿದವನ ಕಣ್ಣಿಗೆ ಖಾಕಿ ಬಿದ್ದರೆ ಆ ನಂಬಿಕೆಯೇ ನಿಜವಾದಂತಾಗುತ್ತದೆ. ಬೀದಿಯಲ್ಲಿ ಜೀಪು ನಿಂತರೆ ಊರೆಲ್ಲ ಸೇರುತ್ತದೆ. ಮುಂದೆ ಹೆಣ್ಣು ಗಂಡು ನೋಡುವಾಗ ಅದೇ ಮಾತಾಗುತ್ತದೆಂಬ ಅಂಜಿಕೆಯಿಂದ ಎರಡನೇ ಸಲ ಆ ಮನೆಯವರು ಯಾರನ್ನೂ ಕರೆಯದೆ ಕೋಣೆಯ ಚಿಲಕ ಹಾಕಿಬಿಡಬಹುದು.

ಮಳವಳ್ಳಿ ತಾಲ್ಲೂಕಿನ ಯಾವುದಾದರೂ ಹಳ್ಳಿಯಲ್ಲಿ ನಡೆಯಬಹುದಾದ ಒಂದು ರಾತ್ರಿಯನ್ನು ಹತ್ತಿರದಿಂದ ನೋಡಬಹುದು. ಹದಿನೈದಿಪ್ಪತ್ತು ವರ್ಷ ದಿನವೂ ಕುಡಿದವನು ಹಬ್ಬಕ್ಕೆಂದೋ ಹರಕೆಗೆಂದೋ ಒಮ್ಮೆಲೇ ಬಿಟ್ಟಿದ್ದಾನೆ. ಮೂರನೇ ರಾತ್ರಿ ಕೈ ನಡುಗುತ್ತದೆ, ಮೈ ಬೆವರುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತಿವೆಯೆಂದು ಬಡಿಯತೊಡಗುತ್ತಾನೆ. ಮಗ ಫೋನು ಮಾಡುತ್ತಾನೆ: ‘ಸಾ, ನಮ್ ಅಪ್ಪಂಗೆ ಮೈಮೇಲೆ ಏನೋ ಬಂದಂಗದೆ, ಯಾರ್ನೂ ಗುರ್ತು ಹಿಡೀತಾ ಇಲ್ಲ.’ ಇದು ದೆವ್ವವೂ ಅಲ್ಲ, ಪುಂಡಾಟವೂ ಅಲ್ಲ. ಕುಡಿತ ನಿಂತ ಎರಡು ಮೂರು ದಿನಗಳಲ್ಲಿ ಮಿದುಳು ಕೆರಳಿ ಬರುವ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಜೀವವನ್ನೂ ತೆಗೆಯಬಲ್ಲದು. ಠಾಣೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕೂರಿಸಿದರೆ ಅವನು ಸಾಯಬಹುದು. ಮಂತ್ರವಾದಿಯ ಮುಂದೆ ಕೂರಿಸಿದರೂ ಅಷ್ಟೆ. ಅವನಿಗೆ ಬೇಕಾದ್ದು ಥಯಾಮಿನ್, ಲೊರಾಜೆಪಾಮ್, ಸಲೈನ್ ಮತ್ತು ನಾಡಿ ಬಿಪಿ ನೋಡುವ ಒಬ್ಬ ನರ್ಸ್. ರಕ್ತದ ಸಕ್ಕರೆ ಇಳಿದಾಗ, ಜ್ವರ ಮಿದುಳಿಗೆ ಏರಿದಾಗ, ಬೈಕಿನಿಂದ ಬಿದ್ದು ತಲೆಯೊಳಗೆ ರಕ್ತ ಕಟ್ಟಿದಾಗಲೂ ಮನುಷ್ಯ ಹೀಗೇ ಆಡುತ್ತಾನೆ. ಬೆರಳ ತುದಿಯ ಒಂದು ಹನಿ ರಕ್ತವನ್ನು ಗ್ಲೂಕೋಮೀಟರಿಗೆ ತಾಗಿಸಿದರೆ ಗೊತ್ತಾಗುವ ಸಂಗತಿಯನ್ನು ಲಾಠಿ ಹಿಡಿದವರು ಕಂಡುಹಿಡಿಯಲಾರರು. ಆರೋಗ್ಯ ಸಿಬ್ಬಂದಿಯೇ ಮೊದಲು ಬರಬೇಕೆನ್ನಲು ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಇದೇ.

ಕಬ್ಬು ಭತ್ತದ ಸೀಮೆಯಲ್ಲಿ ಕ್ರಿಮಿನಾಶಕ ಮನೆಯ ಮೂಲೆಯಲ್ಲೇ ಇರುತ್ತದೆ. ವಿಷ ಕುಡಿದವರ ವಿಷಯದಲ್ಲಿ ಚರ್ಚೆಗೆ ಎಡೆಯೇ ಇಲ್ಲ. 108, ಅದೂ ತಕ್ಷಣ. ಕೇಸಾಗುತ್ತದೆಂಬ ಹೆದರಿಕೆಯಿಂದ ‘ಹೊಟ್ಟೆನೋವು’ ಎಂದು ಹೇಳಿ ಹೊತ್ತು ಕಳೆಯುವವರು ಇದ್ದಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ರಕ್ಷಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಉಳಿದಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣದ ದಾಖಲೆ) ಬರೆದು ಠಾಣೆಗೆ ತಿಳಿಸುತ್ತಾರೆ ನಿಜ, ಆದರೆ ಬದುಕಿದವರನ್ನು ಅಪರಾಧಿಯಾಗಿ ನೋಡಲು ಅದು ಕಾರಣವಲ್ಲ. ಇದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕಿದೆ.

ಪೊಲೀಸರು ಬರಲೇಬೇಕಾದ ಸಂದರ್ಭಗಳೂ ಇವೆ. ಕೈಯಲ್ಲಿ ಮಚ್ಚು ಕುಡುಗೋಲು ಇದ್ದರೆ, ಒಳಗಿನಿಂದ ಬಾಗಿಲು ಹಾಕಿಕೊಂಡು ಬೆಂಕಿ ಹಚ್ಚುವೆನೆಂದರೆ, ವಿಶ್ವೇಶ್ವರಯ್ಯ ನಾಲೆಗೋ ಶಿಂಷೆಗೋ ಹಾರಲು ಹೊರಟಿದ್ದರೆ ಆಂಬುಲೆನ್ಸಿನ ತಂತ್ರಜ್ಞ ಮತ್ತು ಚಾಲಕ ಇಬ್ಬರಿಂದಲೇ ಆಗುವುದಿಲ್ಲ. ನೀರು, ಬೆಂಕಿಯಾದರೆ ಅಗ್ನಿಶಾಮಕ ದಳವೂ ಬೇಕು. ಆಗಲೂ ಪೊಲೀಸರ ಕೆಲಸ ಜಾಗವನ್ನು ಕಾಯುವುದು, ಜನರನ್ನು ದೂರ ಸರಿಸುವುದು, ಆಯುಧ ಬಿಡಿಸುವುದು. ಮಾತು ಆರೋಗ್ಯ ಸಿಬ್ಬಂದಿಯದಾಗಿರಬೇಕು.

ಹೊರದೇಶಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಸಿಕ್ಕಿವೆ. ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಮಾನಸಿಕ ಅಸ್ವಸ್ಥನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ ಮೇಲೆ, ಮರುವರ್ಷ ವಿಶೇಷ ತರಬೇತಿ ಪಡೆದ ಪೊಲೀಸರ ತಂಡ ರೂಪುಗೊಂಡಿತು. ಸ್ಟಾಕ್‌ಹೋಮ್ 2015ರಲ್ಲಿ ಮನೋರೋಗ ನರ್ಸುಗಳಿರುವ ಆಂಬುಲೆನ್ಸನ್ನೇ ಬೀದಿಗಿಳಿಸಿತು. ಆರಿಗನ್ ರಾಜ್ಯದ ಯೂಜೀನ್ ನಗರದಲ್ಲಿ 1989ರಿಂದ ಪೊಲೀಸರ ಬದಲು ವೈದ್ಯಕೀಯ ಸಿಬ್ಬಂದಿ ಮತ್ತು ಆಪ್ತಸಮಾಲೋಚಕರ ಜೋಡಿ ಹೋಗುತ್ತಿತ್ತು. ಹೆಸರುವಾಸಿಯಾದ ಆ ಸೇವೆ ಆ ನಗರದಲ್ಲಿ 2025ರ ಏಪ್ರಿಲ್‌ನಲ್ಲಿ ಹಣಕಾಸಿನ ತೊಂದರೆಯ ನಡುವೆ ನಿಂತುಹೋಯಿತು. ಪ್ರತ್ಯೇಕ ವಾಹನ, ಪ್ರತ್ಯೇಕ ತಂಡ ಕಟ್ಟುವುದಕ್ಕಿಂತ ಅವನ್ನು ಉಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ಈಗಾಗಲೇ ಇರುವ 108ರ ಸಿಬ್ಬಂದಿಯನ್ನು ತಯಾರು ಮಾಡಿ, ರೋಗಿಯ ಪಕ್ಕದಿಂದಲೇ ಅವರು 14416ರ ಮನೋವೈದ್ಯರೊಡನೆ ಮಾತನಾಡುವಂತೆ ಮಾಡುವುದೇ ಈ ತಾಲ್ಲೂಕುಗಳಿಗೆ ಒಗ್ಗುವ ದಾರಿ.

ಕರೆ ಸ್ವೀಕರಿಸುವವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಆಯುಧವಿದೆಯೇ? ಏನಾದರೂ ಕುಡಿದರೇ, ನುಂಗಿದರೇ? ಜ್ವರ, ಸಕ್ಕರೆ ಕಾಯಿಲೆ, ತಲೆಗೆ ಪೆಟ್ಟು? ಕುಡಿತ ಬಿಟ್ಟು ಎಷ್ಟು ದಿನ? ಆಯುಧವಿದ್ದರೆ 112 ಮತ್ತು 108 ಜೊತೆಯಾಗಿ. ದೇಹದ ಅಪಾಯವಿದ್ದರೆ 108. ಎರಡೂ ಇಲ್ಲದೆ ಸಂಕಟ ಮಾತ್ರವಿದ್ದರೆ 14416. ಯಾವ ಸಂಖ್ಯೆಗೆ ಬಂದ ಕರೆಯಾದರೂ ಅಲ್ಲಿಂದಲೇ ದಾಟಿಸಬೇಕು. ಇನ್ನೊಂದು ನಂಬರಿಗೆ ಮಾಡಿ ಎಂದು ಮನೆಯವರಿಗೆ ಹೇಳಬಾರದು.

ಮೂರು ತಾಲ್ಲೂಕುಗಳ ಸ್ಥಿತಿ ಒಂದೇ ಅಲ್ಲ. ಮಂಡ್ಯ ನಗರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೇ ಇದೆ. ಮದ್ದೂರಿನ ಮೇಲೆ ಬೆಂಗಳೂರು–ಮೈಸೂರು ರೈಲು ಮತ್ತು ಹೆದ್ದಾರಿ ಹಾದುಹೋಗುವುದರಿಂದ ಅಲೆದು ಬರುವವರ ಪ್ರಶ್ನೆ ಅಲ್ಲಿ ದೊಡ್ಡದು. ರೈಲ್ವೆ ಪೊಲೀಸರೂ ಈ ವ್ಯವಸ್ಥೆಯಲ್ಲಿ ಸೇರಬೇಕು. ರೈಲಿಲ್ಲದ ಮಳವಳ್ಳಿಯಲ್ಲಿ ದೂರವೇ ತೊಡಕು. ಅಲ್ಲಿ ಎಲ್ಲವೂ ನಿಂತಿರುವುದು ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರ ಮೇಲೆ. ಅವರು ಮನೋವೈದ್ಯರಲ್ಲದಿದ್ದರೂ ಚಿಕಿತ್ಸೆ ಕೊಡಬಹುದು. ಜೀವಾಪಾಯ ತಪ್ಪಿಸಲು ಯಾವುದೇ ನೋಂದಾಯಿತ ವೈದ್ಯರು, ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಇದ್ದರೆ ಅವರ ಒಪ್ಪಿಗೆ ಪಡೆದು, ಎಪ್ಪತ್ತೆರಡು ಗಂಟೆಯವರೆಗೆ ತುರ್ತು ಚಿಕಿತ್ಸೆ ನೀಡಬಹುದೆಂದು 2017ರ ಕಾಯ್ದೆಯ 94ನೇ ಸೆಕ್ಷನ್ ಹೇಳುತ್ತದೆ; ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಅದರಲ್ಲಿ ಸೇರಿದೆ. ಉದ್ರಿಕ್ತರಾದವರನ್ನು ಶಾಂತಗೊಳಿಸಲು ದುಬಾರಿ ಔಷಧಿಯೂ ಬೇಡ. ವೆಲ್ಲೂರಿನಲ್ಲಿ 200 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ಕೊಟ್ಟಾಗ, ಲೊರಾಜೆಪಾಮ್‌ಗಿಂತ ಬೇಗ ಫಲ ಕಂಡಿತು. ಮೂರೂ ಅಗ್ಗದ ಹಳೆಯ ಔಷಧಿಗಳು. ಇವು ರಾತ್ರಿಯಲ್ಲೂ ಕೈಗೆ ಸಿಗುವಂತಿರಬೇಕು, ಸ್ಟೋರಿನ ಬೀಗದ ಕೈ ಹುಡುಕುವಂತಾಗಬಾರದು.

ತುರ್ತು ಕಳೆದ ಮೇಲಿನ ವಾರಗಳೂ ಈ ಲೆಕ್ಕಕ್ಕೆ ಸೇರಬೇಕು. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂತೆ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿತು. ಬಿಡುಗಡೆಯ ಚೀಟಿಯಲ್ಲೇ ಮುಂದಿನ ಮಂಗಳವಾರದ ತಾರೀಖು ಬರೆದು, ಅದರ ಪ್ರತಿಯನ್ನು ಮನೆಯವರ ಒಪ್ಪಿಗೆಯೊಡನೆ ಆ ಊರಿನ ಆಶಾ ಕಾರ್ಯಕರ್ತೆಗೆ ಕೊಡಬಹುದು. ಬಾಣಂತಿ, ಮಗುವನ್ನು ನೋಡಲು ಹೇಗೂ ಮನೆಮನೆಗೆ ಹೋಗುವ ಆಕೆ ಮಾತ್ರೆ ನಿಂತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ವಿಚಾರಿಸಿ ಅದೇ ವಾರ ಆಸ್ಪತ್ರೆಗೆ ತಿಳಿಸಬಲ್ಲಳು. ಈ ಭೇಟಿಗೂ ಆಕೆಗೆ ಪ್ರೋತ್ಸಾಹಧನ ನಿಗದಿಯಾಗಬೇಕು.