ಜೊತೆಗೂಡಿ ಯೋಗಾಸನ: ಆಸರೆ ಇರಲಿ, ಒತ್ತಾಯ ಬೇಡ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ಯೋಗಗುರುವಲ್ಲ. ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಸೇತುವೆಗಳ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ನಮ್ಮ ಬಡಾವಣೆಯ ಉದ್ಯಾನದಲ್ಲಿ ಹನ್ನೆರಡು ಮಂದಿ ಗೆಳೆಯರು ನಾಲ್ಕು ವರ್ಷಗಳಿಂದ ಬೆಳಿಗ್ಗೆ ಆರಕ್ಕೆ ಸೇರಿ, ಇಬ್ಬಿಬ್ಬರಾಗಿ ಯೋಗಾಸನ ಮಾಡುತ್ತಿದ್ದೇವೆ. ಎಲ್ಲರೂ ಅರವತ್ತು ದಾಟಿದವರು. ಆ ಅನುಭವವನ್ನು ಹಂಚಿಕೊಳ್ಳಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ.

2015ರಿಂದ ಪ್ರತಿ ವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನ ನಡೆಯುತ್ತಿದೆ. ಮೈದಾನದಲ್ಲಿ ಸಾವಿರಾರು ಜನ ಸಾಲಾಗಿ ಕೂಡುತ್ತಾರೆ. ಆದರೆ ಅಲ್ಲಿ ಒಬ್ಬೊಬ್ಬರದೂ ಒಂದೊಂದು ಚಾಪೆ. ಪಕ್ಕದವರು ತೂರಾಡಿದರೂ ನಾವು ಕೈ ಕೊಡುವುದಿಲ್ಲ. ನಾನು ಹೇಳಹೊರಟಿರುವುದು ಕೈ ಕೊಡುವ ಯೋಗದ ಬಗ್ಗೆ.

ಆಸರೆ ಹಿಡಿದು ಆಸನ ಮಾಡುವುದು ಕಡಿಮೆ ದರ್ಜೆಯದು ಎಂಬ ಭಾವನೆ ಕೆಲವರಲ್ಲಿದೆ. ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ನೆನೆಯಿರಿ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಮಲೇರಿಯಾ, ಕ್ಷಯ, ಟೈಫಾಯಿಡ್‌ಗಳಿಂದ ಸೊರಗಿದ ಹುಡುಗನಾಗಿದ್ದವರು. ಮೈಸೂರಿನಲ್ಲಿ ತಮ್ಮ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರಿಂದ ಯೋಗ ಕಲಿತರು. ಆ ಕೃಷ್ಣಮಾಚಾರ್ಯರು ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದವರು. 'ಯೋಗ ಮಕರಂದ'ವನ್ನು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟಿಸಿದವರು. ಮುಂದೆ ಪುಣೆಯಲ್ಲಿ ನೆಲೆಸಿದ ಅಯ್ಯಂಗಾರರು ಕುರ್ಚಿ, ಮರದ ಇಟ್ಟಿಗೆ, ಪಟ್ಟಿ, ಗೋಡೆಗೆ ಬಿಗಿದ ಹಗ್ಗ ಇವುಗಳ ಆಸರೆಯಿಂದ ವೃದ್ಧರಿಗೂ ರೋಗಿಗಳಿಗೂ ಆಸನ ಮಾಡಿಸಿದರು. ಅಂಥವರೇ ಆಸರೆಯನ್ನು ಕೀಳೆಂದು ತಿಳಿಯಲಿಲ್ಲ.

ಗೆಳೆಯನ ಹೆಗಲು, ಬೆನ್ನು, ಅಂಗೈ ಇವೂ ಅಂಥ ಆಸರೆಗಳೇ. ಒಂದೇ ವ್ಯತ್ಯಾಸ: ಕುರ್ಚಿಗೆ ಆತುರವಿಲ್ಲ, ಗೆಳೆಯನಿಗೆ ಇರುತ್ತದೆ. ಅಪಾಯವಿರುವುದು ಇಲ್ಲಿಯೇ.

ಮನೆ ಕಟ್ಟಿಸಿದವರು ಸೆಂಟ್ರಿಂಗ್ ನೋಡಿದ್ದೀರಿ. ಹಸಿ ಕಾಂಕ್ರೀಟಿನ ಸ್ಲ್ಯಾಬಿನ ಕೆಳಗೆ ಕಂಬಗಳನ್ನು ಊರಿರುತ್ತಾರೆ. ಆ ಕಂಬ ಸ್ಲ್ಯಾಬನ್ನು ಮೇಲಕ್ಕೆ ತಳ್ಳುವುದಿಲ್ಲ. ಅದು ಬಲಗೊಳ್ಳುವವರೆಗೆ ಭಾರ ಹೊರುತ್ತದೆ, ಅಷ್ಟೆ. ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ಕಂಬ ಬಿಚ್ಚಬಾರದೆಂಬುದು ನಿಯಮ. ಜಾಕಿಯ ಕೆಲಸ ಬೇರೆ, ಅದು ಎತ್ತುತ್ತದೆ. ಹಸಿ ಸ್ಲ್ಯಾಬಿಗೆ ಜಾಕಿ ಕೊಟ್ಟರೆ ಬಿರುಕು ಖಂಡಿತ. ಆಸನದಲ್ಲಿ ಜೊತೆಗಾರನಾದವನು ಊರಿದ ಕಂಬವಾಗಬೇಕು, ಜಾಕಿಯಾಗಬಾರದು. ನನ್ನ ಇಡೀ ಉಪನ್ಯಾಸದ ಸಾರ ಇಷ್ಟೇ.

ನಮ್ಮ ಗುಂಪಿನ ಹಿರಿಯರೊಬ್ಬರು ಹಿಂದೆ ಬೇರೊಂದು ಶಿಬಿರಕ್ಕೆ ಹೋಗಿದ್ದರು. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿಗೆ ತಾಗಲಿಲ್ಲವೆಂದು ಅಲ್ಲಿನ ಶಿಕ್ಷಕ ಅವರ ಬೆನ್ನ ಮೇಲೆ ಎರಡೂ ಕೈಯೂರಿ ಒತ್ತಿದ. ಆರು ತಿಂಗಳು ಅವರು ನೆಟ್ಟಗೆ ಕೂಡಲಾಗಲಿಲ್ಲ. ಮೂಳೆ ಸವೆತವಿರುವವರಿಗೆ ಹೀಗೆ ಬಾಗಿಸಿ ಒತ್ತಿದರೆ ಬೆನ್ನುಮೂಳೆಯೇ ಮುರಿಯಬಹುದು. ಹೊರಗೆ ನೋಡಿದರೆ ಯಾರ ಮೂಳೆ ಎಷ್ಟು ಸವೆದಿದೆಯೆಂದು ಗೊತ್ತಾಗುವುದಿಲ್ಲ.

ಹಾಗಾದರೆ ನಾವು ಏನು ಮಾಡುತ್ತೇವೆ? ಮೂರು ಆಸನಗಳನ್ನು ಹೇಳುತ್ತೇನೆ.

ಮೊದಲನೆಯದು ವೃಕ್ಷಾಸನ. ಒಂಟಿ ಕಾಲಿನಲ್ಲಿ ನಿಂತಾಗ ಇಡೀ ದೇಹದ ಭಾರ ಅಂಗೈಯಗಲದ ಒಂದು ಪಾದದೊಳಗೆ ಇಳಿಯಬೇಕು. ಸ್ವಲ್ಪ ಆಚೆ ಸರಿದರೆ ಬೀಳುತ್ತೇವೆ. ವಯಸ್ಸಾದವರಿಗೆ ಬೀಳುವ ಭಯವೇ ದೊಡ್ಡದು. ಸೊಂಟ ಮುರಿದರೆ ಮತ್ತೆ ಏಳುವುದು ಕಷ್ಟ. ಇಬ್ಬರು ಪಕ್ಕಪಕ್ಕ ನಿಂತು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟರೆ ಬುನಾದಿ ಅಗಲವಾಗುತ್ತದೆ. ಎತ್ತಿದ ಪಾದವನ್ನು ಹರಡಿನ ಹತ್ತಿರ ಅಥವಾ ಮೀನಖಂಡದ ಮೇಲೆ ಇಡಿ. ಮಂಡಿಯ ಮೇಲೆ ಇಡಬೇಡಿ. ಹೊಸಬರು ಇಬ್ಬರೂ ಒಟ್ಟಿಗೆ ಕಾಲೆತ್ತಬಾರದು. ಒಬ್ಬರು ಎರಡು ಕಾಲಿನ ಮೇಲೆ ನಿಂತಿರಲಿ.

ಎರಡನೆಯದು, ಎದುರುಬದುರು ನಿಂತು ಪರಸ್ಪರ ಹೆಗಲ ಮೇಲೆ ಅಂಗೈ ಇಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಸೊಂಟದಿಂದ ಬಾಗುವುದು. ಬೆನ್ನು ಗೂನಾಗದೆ ಚಪ್ಪಟೆಯಾಗಿರಲಿ. ಆಗದಿದ್ದರೆ ಅರ್ಧಕ್ಕೇ ನಿಲ್ಲಿಸಿ. ಬಿಗಿದ ಹೆಗಲು, ತೊಡೆಯ ಹಿಂಭಾಗ ನಿಧಾನವಾಗಿ ಸಡಿಲುತ್ತವೆ.

ಮೂರನೆಯದು ಎಲ್ಲಕ್ಕಿಂತ ಸರಳ. ಬೆನ್ನಿಗೆ ಬೆನ್ನು ಕೊಟ್ಟು ಸುಖಾಸನದಲ್ಲಿ ಕುಳಿತು ಉಸಿರಾಡುವುದು. ನೆಲದ ಮೇಲೆ ಕೂಡಲಾಗದವರಿಗೆ ಎರಡು ಸ್ಟೂಲು ಸಾಕು. ಜೊತೆಗಾರನ ಉಸಿರು ನಮ್ಮ ಬೆನ್ನಿಗೆ ತಿಳಿಯುತ್ತದೆ. ಅವನ ಉಸಿರು ಬಿರುಸಾಗಿದ್ದರೆ ಇಂದು ಮೈ ಸರಿಯಿಲ್ಲ ಎಂದು ಅವನು ಹೇಳುವ ಮೊದಲೇ ನಮಗೆ ಗೊತ್ತಾಗುತ್ತದೆ.

ನಿಯಮಗಳು ನಾಲ್ಕು. ಮಾಡುವವನು 'ಸಾಕು' ಎಂದರೆ ಅಲ್ಲಿಗೆ ಸಾಕು. 'ಇನ್ನೂ ಸ್ವಲ್ಪ' ಎನ್ನುವ ಮಾತಿಲ್ಲ. ಕೇಳದೆ ಯಾರನ್ನೂ ಮುಟ್ಟುವಂತಿಲ್ಲ. ತಾಯಂದಿರಿಗೆ ತಾಯಂದಿರೇ ಜೊತೆ. ರಕ್ತದೊತ್ತಡ, ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನ ಮಾಡುವಂತಿಲ್ಲ. ಶಸ್ತ್ರಚಿಕಿತ್ಸೆಯಾದವರು, ಹೃದಯದ ತೊಂದರೆಯವರು ವೈದ್ಯರನ್ನು ಕೇಳಿಯೇ ಬರಬೇಕು. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು.

ಇನ್ನೊಂದು ಮಾತನ್ನು ಈ ಸಭೆಯಲ್ಲಿ ಹೇಳಲೇಬೇಕು. ನಮ್ಮ ಗುಂಪಿನಲ್ಲಿ ನಮ್ಮ ಇಲಾಖೆಯಲ್ಲಿಯೇ ಕಾಲುವೆಯ ತೂಬು ಎತ್ತಿ ಇಳಿಸುತ್ತಿದ್ದ ಸೌಡಿಯೊಬ್ಬರಿದ್ದಾರೆ. ಜೊತೆ ಮಾಡುವಾಗ ಚೀಟಿ ಎತ್ತಿದೆವು, ಅವರು ನನಗೆ ಬಂದರು. ಮೊದಲ ದಿನ ದೂರವೇ ನಿಂತರು. "ಸಾಹೇಬ್ರೆ, ನಿಮ್ಮ ಹೆಗಲ ಮೇಲೆ ನಾನು ಹೆಂಗೆ ಕೈ ಇಡ್ಲಿ?" ಎಂದರು. "ನೀವು ಇಡದಿದ್ದರೆ ನಾನು ಬೀಳುತ್ತೇನೆ, ಇಡಿ ಅಣ್ಣಾ" ಎಂದೆ. ಅಧಿಕಾರದಲ್ಲಿದ್ದಾಗ ಅವರು ನನಗೆ ಕೈಮುಗಿದದ್ದುಂಟು, ನಾವು ಕೈ ಹಿಡಿದದ್ದಿಲ್ಲ. ಈಗ ಅವರೇ ನನಗೆ "ಮಂಡಿ ಬಗ್ಗಿಸ್ಬೇಡಿ, ನೆಟ್ಟಗೆ ನಿಲ್ರಿ" ಎಂದು ಗದರುತ್ತಾರೆ. ಸಮಾನತೆ ಎಂಬ ಮಾತನ್ನು ವೇದಿಕೆಯ ಮೇಲೆ ನಾವು ಸುಲಭವಾಗಿ ಆಡುತ್ತೇವೆ. ಒಬ್ಬರ ಭಾರವನ್ನು ಒಬ್ಬರು ಹೊರುವಾಗ ಮಾತ್ರ ಅದು ಮೈಗೆ ಹತ್ತುತ್ತದೆ. ಯಾವ ಜಾತಿ, ಯಾವ ಹುದ್ದೆ ಎಂದು ನೋಡಿ ಜೊತೆಗಾರನನ್ನು ಆರಿಸುವುದಾದರೆ ಅಂಥ ಗುಂಪು ಕಟ್ಟುವುದೇ ಬೇಡ.

ಮಕ್ಕಳು ಬೆಂಗಳೂರು, ಅಮೆರಿಕ ಸೇರಿದ ಮೇಲೆ ನಮ್ಮ ಎಷ್ಟೋ ಹಿರಿಯರು ಮನೆಯಲ್ಲಿ ಒಂಟಿ. ಇಡೀ ದಿನ ಅವರನ್ನು ಒಂದು ಕೈಯೂ ಮುಟ್ಟುವುದಿಲ್ಲ. ಒಬ್ಬರೇ ಮಾಡುವ ಆಸನ ನಾಲ್ಕು ದಿನಕ್ಕೆ ನಿಲ್ಲುತ್ತದೆ. ಆರು ಗಂಟೆಗೆ ಜೊತೆಗಾರ ಕಾಯುತ್ತಾನೆ ಎಂದರೆ ಚಳಿಯಲ್ಲೂ ಏಳುತ್ತೇವೆ. ಒಬ್ಬರು ಬರದಿದ್ದರೆ ಏಳು ಗಂಟೆಯೊಳಗೆ ಅವರ ಮನೆಗೆ ಒಬ್ಬರು ಹೋಗಿ ನೋಡಿಬರುವುದು ನಮ್ಮ ಪದ್ಧತಿ. ಕಳೆದ ವರ್ಷ ಹಾಗೆ ಹೋದಾಗಲೇ, ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಏಳಲಾಗದೆ ಇದ್ದ ಗೆಳೆಯರೊಬ್ಬರು ನಮಗೆ ಸಿಕ್ಕರು. ಈಗ ಕೋಲು ಹಿಡಿದು ಬರುತ್ತಾರೆ, ಸ್ಟೂಲಿನ ಮೇಲೆ ಕುಳಿತು ಬೆನ್ನು ಕೊಡುತ್ತಾರೆ.

ಕೊನೆಯದಾಗಿ ಪೂಜ್ಯರಲ್ಲಿ ಒಂದು ಅರಿಕೆ. ಶ್ರೀಮಠದ ಪ್ರಸಾದ ನಿಲಯದ ಪಡಸಾಲೆ ಬೆಳಿಗ್ಗೆ ಖಾಲಿ ಇರುತ್ತದೆ. ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಅದನ್ನು ಹಿರಿಯರಿಗೆ ಬಿಟ್ಟುಕೊಡಬೇಕು. ಬೇಕಾದದ್ದು ಒಂದು ಗೋಡೆ, ಹತ್ತು ಕುರ್ಚಿ, ಆಸನ ಬಲ್ಲ ಒಬ್ಬರು ಶಿಕ್ಷಕರು. ಬರುವವರಲ್ಲಿ ಬೇಡುವುದು ಇಷ್ಟೇ: ಒಬ್ಬೊಬ್ಬರೂ ತಮ್ಮ ಓಣಿಯಲ್ಲಿ ಒಂಟಿಯಾಗಿರುವ ಒಬ್ಬರನ್ನು ಕರೆತನ್ನಿ.